ಶಾಲೆಯಂಗಳದಲ್ಲೊಂದು ರೈಲುಹಾದಿ

ಕುಮಟಾ ಹೊನ್ನಾವರಗಳ ನಡುವಣ ಧಾರೇಶ್ವರದ ಸೀಮೆಯ ಮಕ್ಕಳಿಗೆ ರೈಲು ಹೊಸತಲ್ಲ. ರೋಹಾದಿಂದ ಮಂಗಳೂರಿನವರೆಗಿನ ಕೊಂಕಣ ಮಾರ್ಗವು 1998ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. 150 ಮೀಟರಿಗೆ 1 ಮೀಟರಿಗಿಂತ ಕಡಿದಾದ ಏರು ಇರಕೂಡದೆಂಬ ನಿಯಮಕ್ಕೆ ಅದರ ನಿರ್ಮಾಪಕರು ಬದ್ಧರಾದರು. ಗುಡ್ಡ, ಹೊಳೆ, ಗಜನಿಗಳ ಈ ನೆಲದಲ್ಲಿ ಸುರಂಗಗಳೂ ಎತ್ತರದ ಏರಿಗಳೂ ಅನಿವಾರ್ಯವಾದುದು ಅದರಿಂದಲೇ.

ಈ ವಿಷಯವನ್ನು ಓದಿದ ವಿದ್ಯಾರ್ಥಿಯು ಅಂಕ ಗಳಿಸಿಯಾನು. ಅರಿವು ಮೂಡಲು ಕಟ್ಟಿಯೇ ನೋಡಬೇಕು. ಶಾಲೆಯ ಕೈತೋಟದಲ್ಲಿ ಚಿರೆಕಲ್ಲಿನ ಗಿಡ್ಡ ಕಂಬಗಳ ಮೇಲೆ ಕಟ್ಟೆ ಎಬ್ಬಿಸಿ, 45 ಮಿಲಿಮೀಟರು ಅಂತರದ ಪುಟ್ಟ ಹಳಿಗಳನ್ನು ಮಕ್ಕಳೇ ಹಾಸಲಿ. ಅದೇ ನಿಯಮದಂತೆ 15 ಮೀಟರಿನಲ್ಲಿ ಏರು 10 ಸೆಂಟಿಮೀಟರು ಮೀರಬಾರದು. ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡಲು ಕಲಿಯುತ್ತಾರೆ. ಬಿಸಿಲಿಗೆ ಹಿಗ್ಗುವ ಹಳಿಗೆ ಸಂದು ಬಿಡಬೇಕು. ಆಷಾಢದ ಮಳೆನೀರು ಜಲ್ಲಿಯ ನಡುವೆ ಇಳಿದುಹೋಗಬೇಕು. ತಪ್ಪಿದಲ್ಲಿ ಗಾಡಿಯೇ ಹಳಿ ಬಿಟ್ಟು ತಿಳಿಸುತ್ತದೆ.

ಆಟಿಕೆಗೆ ದಾನದ ಹಣವೇಕೆಂಬ ಆಕ್ಷೇಪಣೆ ಸಹಜ. ಆದರೆ ದುಡಿಮೆಗೆ ಕಾಯಕದ ಹಿರಿಮೆಯಿತ್ತ ಶರಣರ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿ ಕೈಗೆ ಮಣ್ಣು ತಾಗದ ವಿದ್ಯೆ ಅರೆವಿದ್ಯೆಯೇ ಸರಿ. ಹೊಸ ಕೊಠಡಿಗೆ ಮುಂದಾಗುವ ದಾನಿಗಳು ಅದರೊಂದು ಪಾಲನ್ನು ಇಂತಹ ಕೆಲಸಕ್ಕೂ ಮೀಸಲಿಡುವುದು ಯೋಗ್ಯ.