ಕೊಟ್ಟ ಹೆಣ್ಣು ದೇಶಕ್ಕೂ ಹೊರಗೆ?

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ತವರಿನ ಆಸ್ತಿಯ ಮಾತು ಬಂದಾಗ, ಸೂತಕದ ದಿನ ಎಣಿಸುವಾಗ ಹಿರಿಯರು ಇದನ್ನು ಸಲೀಸಾಗಿ ಆಡಿಬಿಡುತ್ತಾರೆ. ಗಾದೆ ಮನೆಯ ಹೊಸಿಲೊಳಗೇ ಉಳಿದಿದ್ದರೆ ಜಗಳವಾಡಿ ಸುಮ್ಮನಾಗಬಹುದಿತ್ತು. ಅದು ದೇಶದೇಶಗಳ ಕಾನೂನಿನ ಪುಸ್ತಕದಲ್ಲೂ ಹೋಗಿ ಕುಳಿತಿತ್ತು, ಕೆಲವೆಡೆ ಇನ್ನೂ ಎದ್ದಿಲ್ಲ ಎಂಬುದೇ ನನ್ನ ತಕರಾರು.

ಸ್ವಾತಂತ್ರ್ಯದ ಬಗ್ಗೆ ಜಗತ್ತಿಗೆಲ್ಲ ಪಾಠ ಹೇಳುವ ಅಮೆರಿಕವನ್ನೇ ನೋಡಿ. ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ಗಂಡನ ದೇಶದವಳಾಗುತ್ತಾಳೆ ಎಂದು 1907ರಲ್ಲಿ ಅಲ್ಲಿ ಕಾಯಿದೆಯಾಯಿತು. ಗಂಡಸು ಪರದೇಶದವಳನ್ನು ಕಟ್ಟಿಕೊಂಡರೆ ಅವನ ಪೌರತ್ವಕ್ಕೆ ಏನೂ ಆಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಎಥೆಲ್ ಮೆಕೆಂಜಿ ಬ್ರಿಟಿಷ್ ಪ್ರಜೆಯೊಬ್ಬನನ್ನು ಮದುವೆಯಾಗಿ ಅಲ್ಲೇ ಸಂಸಾರ ಮಾಡಿಕೊಂಡಿದ್ದಳು. 1911ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದ ಹಕ್ಕು ಬಂತು. ಅವಳು ಪಟ್ಟಿಗೆ ಹೆಸರು ಸೇರಿಸಲು ಹೋದರೆ, ಅವಳು ಈ ದೇಶದವಳೇ ಅಲ್ಲವೆಂದು ತಿರಸ್ಕರಿಸಿದರು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1922ರ ಕಾಯಿದೆ ಈ ಗಂಟನ್ನು ಸಡಿಲಿಸಿತು, ಅದೂ ಪೂರ್ತಿಯಾಗಿ ಅಲ್ಲ.

ನಮ್ಮ ಕತೆ ಏನು? ನಮ್ಮ ಸಂವಿಧಾನದ 5ನೇ ವಿಧಿ ಉದಾರವಾಗಿಯೇ ಇತ್ತು. ಇಲ್ಲಿ ನೆಲೆಸಿದವರ ತಂದೆ-ತಾಯಿಯರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ್ದರೂ ಸಾಕು ಎಂದು ಅದು ತಾಯಿಯನ್ನೂ ಲೆಕ್ಕಕ್ಕೆ ಹಿಡಿಯಿತು. ಆರು ವರ್ಷ ತುಂಬುವ ಮೊದಲೇ ಬಂದ 1955ರ ಪೌರತ್ವ ಕಾಯಿದೆಯಲ್ಲಿ ತಾಯಿ ಮಾಯ! ಹೊರದೇಶದಲ್ಲಿ ಹುಟ್ಟಿದ ಮಗು ವಂಶದ ಮೂಲಕ ಭಾರತೀಯ ಆಗಬೇಕಾದರೆ ಅದರ ತಂದೆ ಭಾರತೀಯನಾಗಿರಬೇಕು ಎಂದು ಬರೆದರು. ಒಂಬತ್ತು ತಿಂಗಳು ಹೊತ್ತವಳ ಪೌರತ್ವ ಆ ಮಗುವಿನ ಉಪಯೋಗಕ್ಕೆ ಬರಲಿಲ್ಲ.

ಅದೇ ಕಾಯಿದೆಯಲ್ಲಿ ಇನ್ನೊಂದು ಚಮತ್ಕಾರವಿತ್ತು. ಭಾರತೀಯನ ಕೈಹಿಡಿದ ವಿದೇಶಿ ಹೆಣ್ಣು ಆ ಮದುವೆಯ ಆಧಾರದ ಮೇಲೆ ನೋಂದಣಿ ಮಾಡಿಸಿ ಪೌರತ್ವ ಪಡೆಯಬಹುದಿತ್ತು. ನಮ್ಮ ಹುಡುಗಿಯ ಕೈಹಿಡಿದ ವಿದೇಶಿಯನಿಗೆ ಆ ದಾರಿ ಇರಲಿಲ್ಲ. ಸೊಸೆ ಬರಲಿ, ಅಳಿಯ ಬೇಡ! 1986ರ ತಿದ್ದುಪಡಿಯಲ್ಲಿ 'ಹೆಂಗಸರು' ಎಂಬುದು 'ವ್ಯಕ್ತಿಗಳು' ಎಂದಾಯಿತು. ಈಗ ಗಂಡನಿರಲಿ, ಹೆಂಡತಿಯಿರಲಿ, ಇಲ್ಲಿ ಏಳು ವರ್ಷ ವಾಸವಿದ್ದು ಅರ್ಜಿ ಹಾಕಬಹುದು. ತಾಯಿ ಕಾಯಿದೆಯೊಳಗೆ ಮರಳಿ ಬರಲು 1992ರ ಡಿಸೆಂಬರ್ 10 ಬರಬೇಕಾಯಿತು. ಅಂದಿನಿಂದ ಹೊರದೇಶದಲ್ಲಿ ಹುಟ್ಟುವ ಮಗುವಿಗೆ ತಂದೆ-ತಾಯಿಯರಲ್ಲಿ ಒಬ್ಬರು ಭಾರತೀಯರಾದರೆ ಆಯಿತು. 2004ರ ಡಿಸೆಂಬರ್‌ನಿಂದ ಈಚೆಗೆ, ಒಂದು ವರ್ಷದೊಳಗೆ ಆ ಜನನವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಕುವೈತ್, ಕತಾರ್‌ಗಳಲ್ಲಾದರೋ ವಿದೇಶಿಯನನ್ನು ಮದುವೆಯಾದ ಹೆಣ್ಣಿನ ಮಗುವಿಗೆ ತಾಯಿಯ ಪೌರತ್ವ ಇಂದಿಗೂ ತಾನಾಗಿ ಬರುವುದಿಲ್ಲ.

ಒಂದು ಸಂಸಾರಕ್ಕೆ ಒಂದೇ ದೇಶವಿದ್ದರೆ ಚೆನ್ನಲ್ಲವೆ ಎಂದು ವಾದಿಸುವವರಿದ್ದಾರೆ. ಆಗಲಿ. ಆ ಒಂದು ದೇಶ ಯಾವಾಗಲೂ ಗಂಡನದೇ ಏಕಾಗಬೇಕು?

'ನಾವೇನು ಪರದೇಶದವನನ್ನು ಕಟ್ಟಿಕೊಂಡಿಲ್ಲವಲ್ಲ' ಎಂದು ಪುಟ ತಿರುಗಿಸಬೇಡಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಹೊರಬಿದ್ದರು. ಅವರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ನಿಷ್ಠುರವಾದರೂ ಅವರು ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ. ಹೆಸರಿಲ್ಲದೆ ಮತವೆಲ್ಲಿಂದ ಬರಬೇಕು?

ಅದು ಹಳೆಯ ಕಾಲದ್ದಾಯಿತು ಎನ್ನುವಿರಾ? ಅಸ್ಸಾಮಿನಲ್ಲಿ ಪೌರರ ನೋಂದಣಿ ನಡೆದಾಗ ಪ್ರತಿಯೊಬ್ಬರೂ ತಮ್ಮ ಹಿರಿಯರೊಂದಿಗಿನ ಸಂಬಂಧವನ್ನು ಕಾಗದದಲ್ಲಿ ತೋರಿಸಬೇಕಾಗಿತ್ತು. ಚಿಕ್ಕಂದಿನಲ್ಲೇ ಮದುವೆಯಾಗಿ ಬೇರೆ ಊರು ಸೇರಿದ, ಶಾಲೆಯ ಮುಖ ಕಾಣದ ಹೆಂಗಸರ ಕಾಗದಗಳಲ್ಲಿ ಇದ್ದದ್ದು ಗಂಡನ ಹೆಸರು. ಕೇಳಿದ್ದು ಅಪ್ಪನ ಹೆಸರು. ಪಂಚಾಯಿತಿ ಕಾರ್ಯದರ್ಶಿ ಬರೆದುಕೊಟ್ಟ ಚೀಟಿಯೇ ಎಷ್ಟೋ ಜನರಿಗೆ ಗತಿ. ಆ ಚೀಟಿ ಸಲ್ಲುತ್ತದೋ ಇಲ್ಲವೋ ಎಂಬುದಕ್ಕೇ 2017ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2019ರ ಆಗಸ್ಟ್ 31ರ ಕೊನೆಯ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಕುಲಕ್ಕೆ ಹೊರಗು ಎಂದು ಕಳಿಸಿಕೊಟ್ಟವರೇ ಕುಲದ ಸಾಕ್ಷಿ ತಾ ಎಂದರೆ ಅವಳು ಎಲ್ಲಿಂದ ತರಬೇಕು?

ಕಾನೂನಿನ ಮುಂದೆ ಸಮಾನತೆ, ಜೀವದ ರಕ್ಷಣೆ ಇಲ್ಲಿರುವ ಎಲ್ಲರಿಗೂ ಉಂಟು. ಆದರೆ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ (16ನೇ ವಿಧಿ), ಮಾತಿನ, ಸಭೆ ಸೇರುವ, ಸಂಚಾರದ ಸ್ವಾತಂತ್ರ್ಯ (19ನೇ ವಿಧಿ), ಮತ (326ನೇ ವಿಧಿ) ಇವೆಲ್ಲ ಪೌರರಿಗೆ ಮಾತ್ರ. ಆಧಾರ್ ಇದೆಯಲ್ಲ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಅದು ಪೌರತ್ವಕ್ಕೆ ಸಾಕ್ಷಿಯಲ್ಲವೆಂದು 2016ರ ಆಧಾರ್ ಕಾಯಿದೆಯೇ ಹೇಳಿದೆ.

ಆದ್ದರಿಂದ ನಾನು ಕೇಳುವುದು ಇಷ್ಟೆ. ಮದುವೆಯಾದೊಡನೆ ಹೆಣ್ಣು ಹೆಸರು ಬದಲಿಸಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ಬದಲಿಸಲೇಬೇಕೆಂದು ಹಟ ಹಿಡಿಯುವ ಬೀಗರಿಗೆ ಅದನ್ನು ತಿಳಿಸಿ ಹೇಳಿ. ಮಗಳನ್ನು ಕಳಿಸಿಕೊಡುವಾಗ ಸೀರೆ-ಒಡವೆಗಳ ಜೊತೆ ಅವಳ ಜನನ ಪತ್ರ, ಶಾಲೆಯ ಅಂಕಪಟ್ಟಿಗಳನ್ನೂ ಅವಳ ಕೈಗೇ ಕೊಡಿ, ಅಳಿಯನ ಬೀರುವಿಗಲ್ಲ. ಹೋದ ಊರಿನ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಸರಿಯಾಗಿ ಬಂದಿದೆಯೇ ಎಂದು ಅವಳೇ ಹೋಗಿ ನೋಡಲಿ. ಕಾಯಿದೆ ಅಮ್ಮನನ್ನು ಒಪ್ಪಿಕೊಳ್ಳಲು 1992ರವರೆಗೆ ಕಾಯಿಸಿತು. ಮನೆಗಳೂ ಹಾಗೆ ಕಾಯಿಸಬೇಕೆ?