ಮಡಕಶಿರಾದಿಂದ ಕಲ್ಯಾಣದುರ್ಗಕ್ಕೆ: ಊರಿನ ಕ್ಷೇತ್ರ ಕಳಕೊಂಡ ಶಾಸಕ

ನಮ್ಮ ಕಡೆ "ಮುಂದಿನ ಸಲ ಟಿಕೆಟ್ ಯಾರಿಗೆ" ಎಂಬ ಚರ್ಚೆ ಶುರುವಾಗಲು ಚುನಾವಣೆ ಹತ್ತಿರ ಬರಬೇಕೆಂದಿಲ್ಲ. ಮದುವೆ ಹಾಲ್‌ನಲ್ಲಿ, ಜುಮಾ ಮುಗಿಸಿ ಹೊರಗೆ ಬರುವಾಗ, ಗಲ್ಫ್‌ನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ವರ್ಷವಿಡೀ ಅದೇ ಮಾತು. ಆದರೆ ಟಿಕೆಟ್‌ಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮುಂದೆ ಆ ಕ್ಷೇತ್ರವೇ ಇರುತ್ತದಾ? ಇದ್ದರೂ ಅದರ ಗಡಿ ಈಗಿನದ್ದೇ ಆಗಿರುತ್ತದಾ? ಅದು ಮೀಸಲು ಆದರೆ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಬರುವ ತನಕ ಸೀಟುಗಳ ಸಂಖ್ಯೆ ಬದಲಿಸಬಾರದು ಎಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿದೆ. 2027ಕ್ಕೆ ನಿಗದಿಯಾಗಿರುವ ಜನಗಣತಿಯೇ ಆ ಮೊದಲ ಜನಗಣತಿ. ಅಂದರೆ ಕ್ಷೇತ್ರ ಪುನರ್ವಿಂಗಡಣೆಯ ಬಾಗಿಲು ತೆರೆಯುವ ಕಾಲ ಹತ್ತಿರ ಬಂದಿದೆ. ಹಿಂದಿನ ಸಲ ಹೀಗೆ ಗೆರೆ ಎಳೆದಾಗ ಒಬ್ಬ ಪ್ರಭಾವಿ ಸಚಿವರ ರಾಜಕೀಯ ಹೇಗೆ ತಿರುಗಿತು ಎಂದು ನೋಡಲು ದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ಗಡಿ ದಾಟಿದರೆ ಸಾಕು.

ಎನ್. ರಘುವೀರಾ ರೆಡ್ಡಿ. ಆಂಧ್ರದ ಅಂದಿನ ಅನಂತಪುರ ಜಿಲ್ಲೆಯ ಮಡಕಶಿರಾ ತಾಲೂಕಿನ ನೀಲಕಂಠಾಪುರದವರು. ಕನ್ನಡ ಮಾತಾಡುವವರು ಬಹಳ ಇರುವ ಗಡಿ ಪ್ರದೇಶ ಅದು. ಹೆಸರು ನೋಡಿ ಪ್ರಬಲ ರೆಡ್ಡಿ ಸಮುದಾಯದವರು ಅಂತ ಅಂದುಕೊಳ್ಳುವವರೇ ಹೆಚ್ಚು. ಆದರೆ ಅವರು ಯಾದವರು, ಹಿಂದುಳಿದ ವರ್ಗದವರು. ರೆಡ್ಡಿ, ಕಮ್ಮ ನಾಯಕರ ಪೈಪೋಟಿಯಲ್ಲೇ ನಡೆಯುವ ರಾಯಲಸೀಮೆಯ ರಾಜಕೀಯದಲ್ಲಿ ಇದು ಸಣ್ಣ ವಿಷಯವಲ್ಲ.

1989ರಲ್ಲಿ ಅವರು ಕಾಂಗ್ರೆಸ್‌ನಿಂದ ಮಡಕಶಿರಾದಲ್ಲಿ ಮೊದಲ ಸಲ ಗೆದ್ದರು. 1994ರಲ್ಲಿ ಎನ್‌ಟಿಆರ್ ಅಲೆ, ಇಡೀ ರಾಜ್ಯದಲ್ಲಿ ಕಾಂಗ್ರೆಸ್ ಮೂವತ್ತು ಸೀಟೂ ದಾಟಲಿಲ್ಲ. 1999 ಮತ್ತು 2004ರಲ್ಲಿ ಮತ್ತೆ ಮಡಕಶಿರಾದಿಂದಲೇ ಗೆಲುವು. 2004ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾದಾಗ ಕೃಷಿ ಖಾತೆ ಇವರ ಕೈಗೆ ಬಂತು. ಶೇಂಗಾ ಬಿಟ್ಟರೆ ಬೇರೆ ಬೆಳೆ ಇಲ್ಲದ, ಮಳೆ ಕೈಕೊಟ್ಟರೆ ಜನ ಬೆಂಗಳೂರಿಗೆ ಕೂಲಿಗೆ ಹೊರಡುವ ಜಿಲ್ಲೆಯವರು ಕೃಷಿ ಸಚಿವರಾಗಿದ್ದರು. ರೈತರಿಗೆ ಉಚಿತ ವಿದ್ಯುತ್ ಕೊಟ್ಟದ್ದು, ಶ್ರೀಶೈಲದಿಂದ ಕೃಷ್ಣಾ ನೀರನ್ನು ಎತ್ತಿ ಅನಂತಪುರದ ಕಡೆ ತರುವ ಹಂದ್ರಿ–ನೀವಾ ಕಾಮಗಾರಿಗೆ ವೇಗ ಬಂದದ್ದು ಆ ಸರಕಾರದ ಕಾಲದಲ್ಲಿ. ಮುಸ್ಲಿಮರಿಗೆ ಶೇ. 4 ಮೀಸಲಾತಿಯ ಕಾನೂನು 2007ರಲ್ಲಿ ಬಂದದ್ದೂ ಅದೇ ಸರಕಾರದಿಂದ.

ಇಷ್ಟೆಲ್ಲ ಇದ್ದ ಮೇಲೆ ಮಡಕಶಿರಾದಲ್ಲಿ ಅವರನ್ನು ಅಲ್ಲಾಡಿಸುವವರು ಯಾರು? ಎದುರಾಳಿ ಯಾರೂ ಅಲ್ಲಾಡಿಸಲಿಲ್ಲ. ನಕ್ಷೆ ಅಲ್ಲಾಡಿಸಿತು.

2009ರ ಚುನಾವಣೆ ಆಂಧ್ರದಲ್ಲಿ ಹೊಸ ಗೆರೆಗಳ ಮೇಲೆ ನಡೆದ ಮೊದಲ ಚುನಾವಣೆ. ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಲ್ಯಾಣದುರ್ಗ ಸಾಮಾನ್ಯ ಕ್ಷೇತ್ರವಾಯಿತು, ಸಾಮಾನ್ಯವಾಗಿದ್ದ ಮಡಕಶಿರಾ ಮೀಸಲು ಕ್ಷೇತ್ರವಾಯಿತು. ಹುಟ್ಟಿದ ಊರಲ್ಲಿ ರಘುವೀರಾ ಓಟು ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲುವ ಹಾಗಿಲ್ಲ. ಇದರಲ್ಲಿ ಅನ್ಯಾಯ ಏನೂ ಇಲ್ಲ. ದಲಿತರಿಗೆ ಸೀಟು ಎಲ್ಲಾದರೂ ಸಿಗಲೇಬೇಕು, ಕಲ್ಯಾಣದುರ್ಗದ ಇತರರು ಅಷ್ಟು ವರ್ಷ ಕಾದಿದ್ದಾರೆ. ಆದರೆ ಇಪ್ಪತ್ತು ವರ್ಷ ಕಟ್ಟಿದ ಸಂಪರ್ಕ, ಬೂತ್ ಬೂತಿನ ಪರಿಚಯ, ಮದುವೆ ಮುಂಜಿ ಸಾವಿಗೆ ಹೋಗಿ ಗಳಿಸಿದ ವಿಶ್ವಾಸ ಎಲ್ಲವನ್ನೂ ಬಿಟ್ಟು ಹೊಸ ಊರಲ್ಲಿ ಅಂಗಡಿ ತೆರೆದ ಹಾಗಾಯಿತು. ಅಂಗಡಿ ಬದಲಿಸಿದವರಿಗೆ ಗೊತ್ತು, ಸಾಮಾನನ್ನು ಲಾರಿಯಲ್ಲಿ ತುಂಬಿಸಿ ಒಯ್ಯಬಹುದು, ಗಿರಾಕಿಗಳನ್ನು ಒಯ್ಯಲಿಕ್ಕೆ ಆಗುವುದಿಲ್ಲ.

ಕಲ್ಯಾಣದುರ್ಗ ಆ ಸಲ ಅವರನ್ನು ಗೆಲ್ಲಿಸಿತು. ವೈಎಸ್‌ಆರ್ ಹೆಸರು ಇತ್ತು, ಕಾಂಗ್ರೆಸ್ 294ರಲ್ಲಿ 156 ಸೀಟು ತೆಗೆದುಕೊಂಡಿತ್ತು. ಚುನಾವಣೆ ಮುಗಿದ ಕೆಲವೇ ತಿಂಗಳಲ್ಲಿ, 2009ರ ಸೆಪ್ಟೆಂಬರ್ 2ರಂದು, ವೈಎಸ್‌ಆರ್ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಮುಂದೆ ಕಿರಣ್ ಕುಮಾರ್ ರೆಡ್ಡಿ ಸರಕಾರದಲ್ಲಿ ರಘುವೀರಾ ಕಂದಾಯ ಸಚಿವರಾದರು. ಅಧಿಕಾರದ ಲೆಕ್ಕದಲ್ಲಿ ಅದು ಅವರ ಎತ್ತರದ ಕಾಲ. ಆದರೆ ಕೆಳಗಿನ ನೆಲ ಆಗಲೇ ಜಾರುತ್ತಿತ್ತು. ಜಗನ್ ಬೇರೆ ಪಕ್ಷ ಕಟ್ಟಿದರು, ತೆಲಂಗಾಣದ ಪ್ರಶ್ನೆ ಬೆಂಕಿಯಾಗಿತ್ತು.

2014ರ ಫೆಬ್ರವರಿಯಲ್ಲಿ ರಾಜ್ಯ ವಿಭಜನೆಯ ಮಸೂದೆ ಪಾಸಾದಾಗ ಸೀಮಾಂಧ್ರದಲ್ಲಿ ಕಾಂಗ್ರೆಸ್ ಎಂಬ ಹೆಸರು ಹೇಳುವುದೇ ಕಷ್ಟವಾಯಿತು. ಮುಖ್ಯಮಂತ್ರಿಯಾಗಿದ್ದ ಕಿರಣ್ ಕುಮಾರ್ ರೆಡ್ಡಿಯೇ ಪಕ್ಷ ಬಿಟ್ಟರು. ಅದೇ ಜಿಲ್ಲೆಯ ಹಿರಿಯ ಜೆ.ಸಿ. ದಿವಾಕರ ರೆಡ್ಡಿ ತೆಲುಗುದೇಶಂ ಸೇರಿ ಅನಂತಪುರದ ಸಂಸದರಾದರು. ಹಾಗೆ ಹೋದವರು ಒಬ್ಬಿಬ್ಬರಲ್ಲ. ರಘುವೀರಾ ಹೋಗಲಿಲ್ಲ. ಎಲ್ಲರೂ ಓಡುತ್ತಿದ್ದ ಹೊತ್ತಿನಲ್ಲಿ, ಆ ವರ್ಷದ ಮಾರ್ಚ್‌ನಲ್ಲಿ, ಅವರು ಆಂಧ್ರ ಕಾಂಗ್ರೆಸ್ ಅಧ್ಯಕ್ಷರಾದರು. ಫಲಿತಾಂಶ ಬಂದಾಗ 175 ವಿಧಾನಸಭಾ ಸೀಟಿನಲ್ಲಿ ಕಾಂಗ್ರೆಸ್ಸಿಗೆ ಸೊನ್ನೆ, 25 ಲೋಕಸಭಾ ಸೀಟಿನಲ್ಲೂ ಸೊನ್ನೆ. ಅಧ್ಯಕ್ಷರೂ ಸೋತರು.

ಇಲ್ಲಿ ಅವರ ಕಡೆಯಿಂದಲೂ ಒಂದು ತಪ್ಪು ನಡೆಯಿತು ಎನ್ನಬೇಕಾಗುತ್ತದೆ. 2014ರಲ್ಲಿ ಅವರು ತಮ್ಮನ್ನು ಗೆಲ್ಲಿಸಿದ ಕಲ್ಯಾಣದುರ್ಗ ಬಿಟ್ಟು ಪೆನುಕೊಂಡಕ್ಕೆ ಹೋದರು. 2019ರಲ್ಲಿ ಮತ್ತೆ ಕಲ್ಯಾಣದುರ್ಗಕ್ಕೆ ಬಂದರು. ಮಡಕಶಿರಾ ಬಿಡಿಸಿದ್ದು ಆಯೋಗ, ಆದರೆ ಕಲ್ಯಾಣದುರ್ಗ ಬಿಟ್ಟದ್ದು ಅವರೇ. ಐದು ವರ್ಷ ಬಿಟ್ಟು ವಾಪಸ್ ಬಂದವರನ್ನು ಮತದಾರ "ನಮ್ಮವರು" ಅಂತ ನಂಬಬೇಕು ಅಂದರೆ ಕಷ್ಟ. 2019ರಲ್ಲಿ ಅಲ್ಲಿ ವೈಎಸ್‌ಆರ್ ಕಾಂಗ್ರೆಸ್‌ನ ಉಷಾ ಶ್ರೀಚರಣ್ ಗೆದ್ದರು, ರಘುವೀರಾ ಮೂರನೇ ಸ್ಥಾನಕ್ಕೆ ಹೋದರು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತ ನೋಟಾಕ್ಕಿಂತಲೂ ಕಡಿಮೆ. ಅಂಥ ಕಡೆ ಕ್ಷೇತ್ರದ ಆಯ್ಕೆ ಸರಿಯಿದ್ದರೂ ಗೆಲ್ಲುತ್ತಿದ್ದರು ಎನ್ನಲಾಗದು, ಅದೂ ನಿಜವೇ.

ಅದರ ನಂತರ ಅವರು ಅಧ್ಯಕ್ಷ ಸ್ಥಾನ ಬಿಟ್ಟು ನೀಲಕಂಠಾಪುರಕ್ಕೆ ಹೋಗಿ ಕೃಷಿ, ಊರ ದೇವಸ್ಥಾನದ ಕೆಲಸ ಅಂತ ಇದ್ದುಬಿಟ್ಟರು. 2021ರ ಪಂಚಾಯತ್ ಚುನಾವಣೆಯಲ್ಲಿ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಮೊಪೆಡ್‌ನಲ್ಲಿ ಓಟು ಹಾಕಲು ಬಂದ ಫೋಟೋ ನಮ್ಮ ಮೊಬೈಲ್‌ಗಳಿಗೂ ಬಂದಿತ್ತು. "ನೋಡಿ ಸರಳತೆ" ಎಂದು ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನರಿಗೆ ಅದರ ಹಿಂದಿನ ಕಥೆ ಗೊತ್ತಿತ್ತೋ. 2023ರಲ್ಲಿ ಕರ್ನಾಟಕದ ಚುನಾವಣೆಗೆ ಅವರನ್ನು ಎಐಸಿಸಿ ಬೆಂಗಳೂರಿನ ವೀಕ್ಷಕರನ್ನಾಗಿ ಕಳಿಸಿತು. ಬೊಮ್ಮಾಯಿ ಸರಕಾರ ನಮ್ಮ 2ಬಿ ಮೀಸಲಾತಿ ರದ್ದು ಮಾಡಿ ಇನ್ನೂ ಎರಡು ತಿಂಗಳೂ ಆಗದ ಹೊತ್ತು ಅದು. ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದರೂ ಅವರಿಗೆ ವಹಿಸಿದ್ದ ಬೆಂಗಳೂರಿನ 28ರಲ್ಲಿ ಬಿಜೆಪಿಯೇ ಮುಂದಿತ್ತು. ಆದರೂ ಆ ವರ್ಷದ ಆಗಸ್ಟ್‌ನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯಲ್ಲಿ ಅವರಿಗೆ ಜಾಗ ಸಿಕ್ಕಿತು. ಪಕ್ಷ ಬಿಡದೆ ಇದ್ದದ್ದಕ್ಕೆ ದಿಲ್ಲಿಯಲ್ಲಿ ಬೆಲೆ ಸಿಕ್ಕಿತು, ಅನಂತಪುರದಲ್ಲಿ ಸಿಗಲಿಲ್ಲ.

ಇನ್ನೊಂದು ಕಡೆ ಪಕ್ಕದ ಹಿಂದೂಪುರ ನೋಡಿ. 2004ರಲ್ಲಿ ಹಿಂದೂಪುರ ಲೋಕಸಭೆಯಿಂದ ಗೆದ್ದದ್ದು ಕಾಂಗ್ರೆಸ್‌ನ ಜಿ. ನಿಜಾಮುದ್ದೀನ್. 2009ರಲ್ಲಿ ಹಿಂದೂಪುರ ವಿಧಾನಸಭೆಯಿಂದ ಗೆದ್ದದ್ದು ತೆಲುಗುದೇಶಂನ ಅಬ್ದುಲ್ ಘನಿ. 2014 ಬಂತು, ಅಲ್ಲಿ ಟಿಕೆಟ್ ಎನ್‌ಟಿಆರ್ ಮಗ, ಸಿನಿಮಾ ನಟ ಬಾಲಕೃಷ್ಣ ಅವರಿಗೆ ಹೋಯಿತು. 2019ರಲ್ಲಿ ಜಗನ್ ಪಕ್ಷ ನಿವೃತ್ತ ಐಪಿಎಸ್ ಅಧಿಕಾರಿ ಇಕ್ಬಾಲ್ ಅವರನ್ನು ನಿಲ್ಲಿಸಿತು, ಸೋತರು. 2024ರಲ್ಲಿ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿ ಮುಸ್ಲಿಮರಲ್ಲ. ಇಲ್ಲಿ ಯಾವ ಆಯೋಗವೂ ಗೆರೆ ಎಳೆಯಬೇಕಾಗಿ ಬರಲಿಲ್ಲ, ಪಕ್ಷದ ಒಂದು ಪಟ್ಟಿ ಸಾಕಾಯಿತು. ರಘುವೀರಾ ಅವರಿಗೆ ಊರು ತಪ್ಪಿದರೂ ಪಕ್ಷ ಬೇರೆ ಕ್ಷೇತ್ರ ಹುಡುಕಿ ಕೊಟ್ಟಿತು. ಘನಿ ಅವರ ಹಾಗೆ ಸೀಟು ತಪ್ಪಿದ ಮುಸ್ಲಿಂ ಶಾಸಕನಿಗೆ "ಇನ್ನೊಂದು ಕ್ಷೇತ್ರ" ಎಂಬುದು ಎಲ್ಲಿದೆ? ನಮ್ಮವರು ಗೆಲ್ಲಬಹುದು ಎಂದು ಪಕ್ಷಗಳು ನಂಬುವ ಕ್ಷೇತ್ರಗಳೇ ಬೆರಳೆಣಿಕೆ.

ದಕ್ಷಿಣ ಕನ್ನಡದಲ್ಲಿ ಇದು ಹೊಸ ಅನುಭವವಲ್ಲ. 2008ರ ಗೆರೆಯಲ್ಲಿ ವಿಟ್ಲ ಕ್ಷೇತ್ರವೇ ಇಲ್ಲವಾಯಿತು. ಸುರತ್ಕಲ್ ಹೋಗಿ ಮಂಗಳೂರು ಉತ್ತರ ಬಂತು, ಉಳ್ಳಾಲ ಎಂಬ ಹೆಸರು ಹೋಗಿ ಬರೀ ಮಂಗಳೂರು ಆಯಿತು. ಬಿ.ಎಂ. ಇದಿನಬ್ಬ, ಯು.ಟಿ. ಫರೀದ್ ಪ್ರತಿನಿಧಿಸಿದ್ದ ಆ ಕ್ಷೇತ್ರ ಉಳಿದದ್ದರಿಂದಲೇ 2007ರ ಉಪಚುನಾವಣೆಯಲ್ಲಿ ಬಂದ ಯು.ಟಿ. ಖಾದರ್ ಮುಂದೆ ನಾಲ್ಕು ಸಾರ್ವತ್ರಿಕ ಚುನಾವಣೆ ಗೆದ್ದು 2023ರಲ್ಲಿ ಸ್ಪೀಕರ್ ಆಗುವ ತನಕ ಹೋಗಲು ಸಾಧ್ಯವಾಯಿತು. ಮಂಗಳೂರು ಉತ್ತರದಲ್ಲಿ 2013ರಲ್ಲಿ ಗೆದ್ದ ಮೊಯಿದಿನ್ ಬಾವಾ 2023ರಲ್ಲಿ ಟಿಕೆಟ್ ಸಿಗದೆ ಜೆಡಿಎಸ್‌ಗೆ ಹೋಗಿ ಸೋತದ್ದು ಎಲ್ಲರೂ ನೋಡಿದ್ದೇ. ಆ ಸಲ ಟಿಕೆಟ್ ಸಿಕ್ಕಿದ ಇನಾಯತ್ ಅಲಿಯೂ ಸೋತರು. ಯಾರು ಸರಿ, ಯಾರು ತಪ್ಪು ಎಂದು ನಾವು ತಿಂಗಳುಗಟ್ಟಲೆ ಜಗಳ ಮಾಡಿದೆವು. ಕ್ಷೇತ್ರದ ಗಡಿಯ ಬಗ್ಗೆ ಒಂದು ದಿನವಾದರೂ ಕೂತು ಮಾತಾಡಿದ್ದೇವಾ?

ಗಡಿ ಬರೆಯುವುದು ಗುಟ್ಟಿನ ಕೆಲಸವೇನೂ ಅಲ್ಲ. ಹಿಂದಿನ ಆಯೋಗ 2002ರ ಕಾಯ್ದೆಯ ಪ್ರಕಾರ ಕರಡು ಪ್ರಕಟಿಸಿ, ಆಕ್ಷೇಪ ಕರೆದು, ಸಾರ್ವಜನಿಕ ಸಭೆ ನಡೆಸಿತ್ತು. ರಾಜ್ಯದ ಐವರು ಸಂಸದರು, ಐವರು ಶಾಸಕರು ಅದರಲ್ಲಿ ಸಹ ಸದಸ್ಯರು, ಆದರೆ ಅವರಿಗೆ ಮತ ಹಾಕುವ ಹಕ್ಕಿಲ್ಲ. ಎಸ್‌ಸಿ ಮೀಸಲು ಸೀಟುಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ, ಆ ಜನಸಂಖ್ಯೆ ಹೆಚ್ಚಿರುವ ಕಡೆ ಇರಬೇಕು ಎಂಬುದು ನಿಯಮ. ಆದರೂ ಮುಸ್ಲಿಮರು ಗಣನೀಯವಾಗಿರುವ, ದಲಿತರು ಅಷ್ಟಿಲ್ಲದ ಕ್ಷೇತ್ರಗಳು ಕೆಲವು ರಾಜ್ಯಗಳಲ್ಲಿ ಮೀಸಲಾಗಿವೆ ಎಂದು 2006ರಲ್ಲೇ ಸಾಚಾರ್ ಸಮಿತಿ ಬರೆದಿತ್ತು. ಅಂತಿಮ ಆದೇಶ ಬಂದ ಮೇಲೆ ಕೋರ್ಟಿಗೆ ಹೋಗಿ ಬದಲಾಯಿಸುವ ದಾರಿ ಬಹುತೇಕ ಮುಚ್ಚಿರುತ್ತದೆ. ಏನಿದ್ದರೂ ಕರಡು ಬಂದ ಆ ಕೆಲವು ವಾರಗಳಲ್ಲೇ ಹೇಳಬೇಕು, ಅದೂ ಘೋಷಣೆಯಿಂದಲ್ಲ, ಅಂಕಿಯಿಂದ. ಯಾವ ಗ್ರಾಮ ಯಾವ ಪೇಟೆಗೆ ಹತ್ತಿರ, ಯಾವ ಹೊಳೆ ಯಾವ ಪಂಚಾಯತನ್ನು ಬೇರ್ಪಡಿಸುತ್ತದೆ, ಬಸ್ ಎಲ್ಲಿಗಿದೆ, ಗ್ರಾಮವಾರು ಜನಸಂಖ್ಯೆ ಎಷ್ಟು ಎಂಬ ಪಟ್ಟಿ ಬೇಕು. 2011ರ ಜನಗಣತಿಯ ಗ್ರಾಮವಾರು ಅಂಕಿ, ಬೂತ್‌ವಾರು ಮತದಾರರ ಪಟ್ಟಿ ಈಗಲೇ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಂಪ್ಯೂಟರ್ ಗೊತ್ತಿರುವ ನಾಲ್ಕು ಹುಡುಗರು ಒಂದು ಕ್ಷೇತ್ರಕ್ಕೆ ಕೂತರೆ ಕೆಲವು ವಾರಗಳ ಕೆಲಸ.