ಶಿಷ್ಯೆಯ ಪಾಲು

೧೯೭೮ನೆಯ ಇಸವಿಯಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಮೂವರು ವಿಜ್ಞಾನಿಗಳಿಗೆ ಸಂದಿತು: ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಾಲೊಮನ್ ಸ್ನೈಡರ್, ಮತ್ತು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜತೆಯಾಗಿ ದುಡಿದ ಹ್ಯಾನ್ಸ್ ಕಾಸ್ಟರ್‌ಲಿಟ್ಸ್, ಜಾನ್ ಹ್ಯೂಸ್. ನೋವನ್ನು ಅಡಗಿಸುವ ಅಫೀಮು ಮಿದುಳಿನಲ್ಲಿ ಎಲ್ಲಿ ಹೋಗಿ ನೆಲಸುತ್ತದೆ, ಹಾಗೆ ನೆಲಸಲು ಅಲ್ಲೊಂದು ತಾಣ ಏತಕ್ಕೆ ಇದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುದಕ್ಕಾಗಿ ಅವರಿಗೆ ಆ ಮನ್ನಣೆ. ಮೂವರೂ ಅರ್ಹರೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿದ, ೧೯೭೩ರ ಮಾರ್ಚಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾದ ಲೇಖನವನ್ನು ತೆಗೆದು ನೋಡಿದರೆ ಅದಕ್ಕೆ ಇಬ್ಬರು ಕರ್ತೃಗಳು. ಸ್ನೈಡರರ ಹೆಸರು ಎರಡನೆಯದು. ಮೊದಲನೆಯದು ಕ್ಯಾಂಡೇಸ್ ಪರ್ಟ್ ಎಂಬ ಸಂಶೋಧನ ವಿದ್ಯಾರ್ಥಿನಿಯದು. ಪ್ರಶಸ್ತಿಯ ಪಟ್ಟಿಯಲ್ಲಿ ಆ ಹೆಸರು ಇಲ್ಲ.

ಸಂಶೋಧನೆ ಮಾಡುವವರೂ ಮಾಡಿಸುವವರೂ ಈ ಪುಟವನ್ನು ಓದುವರಾದ್ದರಿಂದ, ದೂರದೇಶದ ಈ ಹಳೆಯ ವ್ಯಾಜ್ಯವನ್ನು ಇಲ್ಲಿ ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು. ವ್ಯಾಜ್ಯಕ್ಕೆ ಮೊದಲು ವಿಷಯವನ್ನಿಷ್ಟು ತಿಳಿಯಬೇಕು.

ಗಸಗಸೆ ಗಿಡದ ಹಸಿಕಾಯಿಯ ಹಾಲು ನೋವನ್ನು ಮರೆಸುವುದೆಂದು ಮನುಷ್ಯನು ಸಾವಿರಾರು ವರ್ಷಗಳಿಂದ ಬಲ್ಲ. ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸೆರ್ಟ್ಯೂರ್ನರ್ ಎಂಬ ಜರ್ಮನ್ ತರುಣ ಆ ಹಾಲಿನ ಸತ್ತ್ವವನ್ನು ಬೇರ್ಪಡಿಸಿ, ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟ. ಅದೇ ಮಾರ್ಫಿನ್. ಕೆಲವೇ ಮಿಲಿಗ್ರಾಂ ಮದ್ದು ದೊಡ್ಡ ದೇಹದ ಯಾತನೆಯನ್ನು ಅಡಗಿಸಬೇಕಾದರೆ, ಅದು ಮೈಯೆಲ್ಲ ಹರಡಿ ಕೆಲಸ ಮಾಡುತ್ತಿರಲಾರದು. ಅದಕ್ಕೆಂದೇ ಒಂದು ನಿಶ್ಚಿತ ಸ್ಥಾನವಿರಬೇಕು. ಈ ಊಹೆಗೆ ಇನ್ನೊಂದು ಆಧಾರವೂ ಉಂಟು. ಇಂಥ ಕೆಲವು ಮದ್ದುಗಳ ಅಣುವಿಗೆ ಎರಡು ರೂಪ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಎಡದ ರೂಪ ನೋವನ್ನು ಕಳೆಯುತ್ತದೆ, ಬಲದ್ದು ಕಳೆಯುವುದಿಲ್ಲ. ಎಡಗಾಲಿನ ಮೆಟ್ಟು ಬಲಗಾಲಿಗೆ ಹಿಡಿಸದು. ಹಾಗೆ ಹಿಡಿಸದಿರುವುದರಿಂದಲೇ ಅಲ್ಲಿ ನಿಯತವಾದ ಆಕಾರವುಳ್ಳ ಒಂದು ಪಾದವಿದೆಯೆಂದು ತಿಳಿಯಬಹುದು. ಅದನ್ನು ವಿಜ್ಞಾನಿಗಳು ಗ್ರಾಹಕವೆಂದು ಕರೆದರು. ಹೆಸರಿತ್ತು, ವಸ್ತುವನ್ನು ಯಾರೂ ಕಂಡಿರಲಿಲ್ಲ.

ಕಾಣುವ ದಾರಿಯನ್ನು ೧೯೭೧ರಲ್ಲಿ ಸ್ಟ್ಯಾನ್‌ಫರ್ಡಿನ ಏವ್ರಮ್ ಗೋಲ್ಡ್‌ಸ್ಟೀನ್ ತೋರಿಸಿದರು. ಮದ್ದಿಗೆ ವಿಕಿರಣದ ಗುರುತು ಹಚ್ಚಿ ಅರೆದ ಮಿದುಳಿನೊಡನೆ ಬೆರಸಿ, ಎಡದ ರೂಪ ಎಷ್ಟನ್ನು ಕದಲಿಸುತ್ತದೆ, ಬಲದ್ದು ಎಷ್ಟನ್ನು ಎಂದು ಎಣಿಸುವುದು ಅವರ ಉಪಾಯ. ಆದರೆ ಮದ್ದು ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತಿದ್ದುದರಿಂದ ನಿಜವಾದ ಗ್ರಾಹಕಕ್ಕೆ ಅಂಟಿದ ಪಾಲು ಆ ಗದ್ದಲದಲ್ಲಿ ಸರಿಯಾಗಿ ತಿಳಿಯದೆ ಹೋಯಿತು.

ಕ್ಯಾಂಡೇಸ್ ಪರ್ಟ್ ೧೯೪೬ರಲ್ಲಿ ಹುಟ್ಟಿದವರು. ೧೯೭೦ರಲ್ಲಿ ಪದವಿ ಮುಗಿಸಿ, ಹಾಪ್‌ಕಿನ್ಸಿಗೆ ಸೇರುವ ಮುನ್ನ ಕುದುರೆಯ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದರು. ಅಲ್ಲಿ ಕೊಟ್ಟ ಮಾರ್ಫಿನ್ನಿನ ಸುಖವನ್ನು ಅವರು ಮುಂದೆ ಸಂಕೋಚವಿಲ್ಲದೆ ಬಣ್ಣಿಸಿದ್ದಾರೆ. ಸ್ನೈಡರರು ಅವರಿಗೆ ಈ ಗ್ರಾಹಕವನ್ನು ಹುಡುಕುವ ಕೆಲಸ ಕೊಟ್ಟದ್ದು ಕಾಕತಾಳೀಯವಾದರೂ, ವಿಷಯವನ್ನು ತನ್ನ ಮೈಯಿಂದ ಬಲ್ಲವರಿಗೇ ವಿಷಯ ಸಿಕ್ಕಿತೆನ್ನಬೇಕು. ಗುರುತು ಹಚ್ಚಿದ ಮಾರ್ಫಿನ್ ಜಾತಿಯ ಮದ್ದಿನಿಂದ ತಿಂಗಳುಗಟ್ಟಲೆ ಏನೂ ಸಿಕ್ಕಲಿಲ್ಲ. ಸಾಕು, ಇದನ್ನು ಬಿಡು ಎಂದು ಗುರುಗಳು ಹೇಳಿದರೆಂದೂ, ತಾವು ಬಿಡದೆ ಕೊನೆಯದೊಂದು ಪ್ರಯೋಗವನ್ನು ಅವರಿಗೆ ತಿಳಿಸದೆ ನಡೆಸಿದರೆಂದೂ ಪರ್ಟ್ ೧೯೯೭ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇದು ಒಂದು ಪಕ್ಷದ ಮಾತೆಂಬುದನ್ನು ಮರೆಯಬಾರದು. ಪ್ರಯೋಗ ಏನೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಮಾರ್ಫಿನ್ನಿಗೆ ಬದಲಾಗಿ ಅದರ ವಿರೋಧಿಯಾದ ನಲಾಕ್ಸೋನಿಗೆ ಗುರುತು ಹಚ್ಚಿದರು. ನಲಾಕ್ಸೋನ್ ಗ್ರಾಹಕದಲ್ಲಿ ಭದ್ರವಾಗಿ ಕೂತು ಮಾರ್ಫಿನ್ನಿಗೆ ಎಡೆಗೊಡದ ವಸ್ತು. ತಾನಾಗಿ ನೋವನ್ನು ಕಳೆಯುವುದೂ ಇಲ್ಲ. ಬೆರಕೆಯನ್ನು ಸೋಸುಕಾಗದದ ಮೇಲೆ ಸುರಿದು ಕ್ಷಣಮಾತ್ರದಲ್ಲಿ ತೊಳೆದುಬಿಟ್ಟಾಗ ಸಡಿಲವಾಗಿ ಅಂಟಿದ್ದೆಲ್ಲ ಹರಿದುಹೋಯಿತು, ಗ್ರಾಹಕವನ್ನು ಹಿಡಿದದ್ದು ಉಳಿಯಿತು. ಎಡದ ರೂಪ ಅದನ್ನು ಕದಲಿಸಿತು, ಬಲದ್ದು ಕದಲಿಸಲಿಲ್ಲ. ೧೯೭೨ರ ಕೊನೆಯ ತಿಂಗಳುಗಳಲ್ಲಿ, ಇಪ್ಪತ್ತಾರು ವರ್ಷದ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಹೀಗೆ ಗ್ರಾಹಕ ಸಿಕ್ಕಿತು. ಅದೇ ೧೯೭೩ರಲ್ಲಿ ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೆನಿಯಸ್ ಸ್ವತಂತ್ರವಾಗಿ ಇದೇ ನೆಲೆಯನ್ನು ಮುಟ್ಟಿದರು.

ಗಸಗಸೆಯನ್ನು ಕಂಡೇ ಇರದ ಇಲಿಯ ಮಿದುಳಿನಲ್ಲಿ ಅಫೀಮಿಗೆ ಪೀಠವೇಕೆ? ದೇಹವೇ ತನ್ನದೊಂದು ಮಾರ್ಫಿನ್ನನ್ನು ಮಾಡಿಕೊಳ್ಳುತ್ತಿರಬೇಕು. ನಾಜಿ ಜರ್ಮನಿಯನ್ನು ಬಿಟ್ಟು ಬಂದು ಅಬರ್ಡೀನಿನಲ್ಲಿ ನೆಲಸಿದ್ದ ಕಾಸ್ಟರ್‌ಲಿಟ್ಸರು ಎಪ್ಪತ್ತು ದಾಟಿದ ಮೇಲೆ, ತರುಣ ಹ್ಯೂಸರೊಡನೆ ಹಂದಿಯ ಮಿದುಳುಗಳಿಂದ ಆ ವಸ್ತುವನ್ನು ೧೯೭೫ರಲ್ಲಿ ಹೊರತೆಗೆದರು. ಐದೇ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ‘ತಲೆಯೊಳಗಿನದು’ ಎಂಬರ್ಥದಲ್ಲಿ ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಕಂಡಿದ್ದರು: ಭೀಕರವಾಗಿ ಗಾಯಗೊಂಡ ಸಿಪಾಯಿಗಳಲ್ಲಿ ಬಹುಮಂದಿ ನೋವಿನ ಮದ್ದನ್ನೇ ಬೇಡಲಿಲ್ಲ. ಆ ಒಗಟಿಗೆ ಪೂರ್ಣ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಆದರೆ ನೋವನ್ನು ತಡೆಯುವ ಬಾಗಿಲೊಂದು ನಮ್ಮೊಳಗೇ ಇದೆಯೆಂಬುದು ಅಂದಿನಿಂದ ಕವಿವಾಣಿಯಾಗಿ ಉಳಿಯದೆ ಪ್ರಯೋಗಶಾಲೆಯ ಸಂಗತಿಯಾಯಿತು.

ಗ್ರಾಹಕ ಸಿಕ್ಕಿದ ಮೇಲೆ ಚಟ ಹಿಡಿಸದ ಮಾರ್ಫಿನ್ ಇನ್ನೇನು ಬಂದೀತೆಂದು ಹಲವರು ನಂಬಿದ್ದರು. ಅದು ಕೈಗೂಡಲಿಲ್ಲ. ೧೯೯೬ರಲ್ಲಿ ‘ಮ್ಯೂ’ ಎಂಬ ಒಂದೇ ಬಗೆಯ ಗ್ರಾಹಕವನ್ನು ಇಲ್ಲವಾಗಿಸಿದ ಇಲಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದಾಗ ನೋವೂ ಅಡಗಲಿಲ್ಲ, ಚಟವೂ ಹುಟ್ಟಲಿಲ್ಲ. ವರಕ್ಕೂ ಶಾಪಕ್ಕೂ ಬಾಗಿಲು ಒಂದೇ ಎಂದಾಯಿತು. ಅಮೆರಿಕದಲ್ಲಿ ಈ ಜಾತಿಯ ಮದ್ದುಗಳ ಅತಿಸೇವನೆಯಿಂದ ಲಕ್ಷಾಂತರ ಜನ ಸತ್ತಿದ್ದಾರೆ. ಅಲ್ಲಿ ಉಸಿರು ನಿಲ್ಲುತ್ತಿರುವವರನ್ನು ಬದುಕಿಸಲು ಮೂಗಿಗೆ ಸಿಂಪಡಿಸುವ ಮದ್ದು, ಪರ್ಟ್ ಗುರುತು ಹಚ್ಚಿದ ಆ ನಲಾಕ್ಸೋನೇ. ೨೦೨೩ರಿಂದ ಅದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಕ್ಕುತ್ತದೆ. ನಮ್ಮ ದೇಶದ ದುಃಖ ಇದಕ್ಕೆ ವಿರುದ್ಧವಾದುದು. ಸರ್ಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ಈ ನಾಡಿನಲ್ಲಿ, ೧೯೮೫ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ನನ್ನು ಇಡುವುದೇ ದುಸ್ತರವಾಯಿತು. ೨೦೧೪ರ ತಿದ್ದುಪಡಿಯವರೆಗೆ ಎಷ್ಟು ಕ್ಯಾನ್ಸರ್ ರೋಗಿಗಳು ನರಳುತ್ತಲೇ ಕಣ್ಣುಮುಚ್ಚಿದರೋ ಲೆಕ್ಕವಿಟ್ಟವರಿಲ್ಲ. ಕಾನೂನು ತಿದ್ದಿತು; ತಾಲ್ಲೂಕು ಆಸ್ಪತ್ರೆಯವರೆಗೆ ಆ ತಿದ್ದುಪಡಿ ನಡೆದು ಹೋಗುವುದು ಬೇರೆ ಮಾತು.

ಇನ್ನು ವ್ಯಾಜ್ಯ. ಪ್ರಶಸ್ತಿಯಿಂದ ಹೊರಗುಳಿದ ಪರ್ಟ್ ಸುಮ್ಮನಿರಲಿಲ್ಲ. ಪ್ರತಿಷ್ಠಾನದ ಮೇರಿ ಲಾಸ್ಕರರಿಗೆ ಪತ್ರ ಬರೆದು ಪ್ರತಿಭಟಿಸಿದರು. ವಿನಯವಿಲ್ಲದ ನಡತೆಯೆಂದು ಹಲವರು ಮೂಗು ಮುರಿದರು. ವಿದ್ಯಾರ್ಥಿಯಿಂದ ನಾವು ಬಯಸುವ ವಿನಯಕ್ಕೆ ಮಿತಿಯೇ ಇಲ್ಲವೆಂದು ತೋರುತ್ತದೆ. ಗುರುಗಳ ಪರವಾಗಿ ಹೇಳತಕ್ಕದ್ದು ಇಲ್ಲದಿಲ್ಲ. ಪ್ರಶ್ನೆ ಅವರದು, ಪ್ರಯೋಗಶಾಲೆ ಅವರದು, ಹಣ ತಂದವರು ಅವರು; ಗ್ರಾಹಕದ ಕೆಲಸವನ್ನು ಮುಂದೆ ಹತ್ತು ದಿಕ್ಕಿಗೆ ಬೆಳೆಸಿದವರೂ ಅವರೇ. ಸೈಮನ್, ಟೆರೆನಿಯಸ್ ಅವರಿಗೂ ಆ ವರ್ಷ ಏನೂ ಸಿಕ್ಕಲಿಲ್ಲ. ಇಷ್ಟನ್ನೂ ಒಪ್ಪಿಕೊಂಡು ನಾನು ಕೇಳುವುದು ಒಂದೇ: ಅಬರ್ಡೀನಿನಲ್ಲಿ ಹಿರಿಯರ ಜತೆಗೆ ಕಿರಿಯರಾದ ಹ್ಯೂಸರಿಗೂ ಪಾಲು ಸಂದಿರುವಾಗ, ಬಾಲ್ಟಿಮೋರಿನಲ್ಲಿ ಮಾತ್ರ ಬೇರೆ ತೂಕದ ಬಟ್ಟು ಏಕೆ? ಜೋಸಲಿನ್ ಬೆಲ್ ೧೯೬೭ರಲ್ಲಿ ಪಲ್ಸಾರ್ ನಕ್ಷತ್ರವನ್ನು ಗುರುತಿಸಿದರು, ೧೯೭೪ರ ನೊಬೆಲ್ ಅವರ ಗುರುವಿಗೆ ಹೋಯಿತು. ಇಬ್ಬರೂ ವಿದ್ಯಾರ್ಥಿನಿಯರೆಂಬುದು ಬರಿಯ ಆಕಸ್ಮಿಕವೆಂದು ನಂಬುವಷ್ಟು ಸರಳನಲ್ಲ ನಾನು.

ಪರ್ಟರ ಮುಂದಿನ ಬಾಳು ಏಕಪ್ರಕಾರವಾಗಿ ಸಾಗಲಿಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಒಳ್ಳೆಯ ಕೆಲಸ ಮಾಡಿದರು. ಏಡ್ಸ್ ರೋಗಕ್ಕೆ ಮದ್ದೆಂದು ನಂಬಿ ಹಿಡಿದ ‘ಪೆಪ್ಟೈಡ್ ಟಿ’ ಫಲಿಸಲಿಲ್ಲ. ದೇಹ ಮನಸ್ಸುಗಳ ಐಕ್ಯವನ್ನು ಕುರಿತು ಕೊನೆಗಾಲದಲ್ಲಿ ಆಡಿದ ಮಾತುಗಳು ಸಾಕ್ಷ್ಯವನ್ನು ಮೀರಿ ಹೋದುವೆಂದೇ ನನ್ನ ಅಭಿಪ್ರಾಯ. ೨೦೧೩ರಲ್ಲಿ ತೀರಿಕೊಂಡರು. ಆ ಮಾತುಗಳನ್ನು ಮುಂದಿಟ್ಟು ೧೯೭೩ರ ಲೆಕ್ಕವನ್ನು ಮುಚ್ಚಿಹಾಕುವವರಿದ್ದಾರೆ. ಹಳೆಯ ಸಾಲ ಹೊಸ ತಪ್ಪಿನಿಂದ ತೀರುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಬಹುಮಾನಕ್ಕೆ ಹೆಸರುಗಳನ್ನು ಕರೆಯುವಾಗ ಅರ್ಜಿಯಲ್ಲಿ ಇನ್ನೊಂದು ಅಂಕಣವನ್ನು ಸೇರಿಸಬೇಕೆಂದು ನನ್ನ ಸೂಚನೆ: ಈ ಕೆಲಸದ ಮೊದಲ ಲೇಖನಕ್ಕೆ ಮೊದಲ ಕರ್ತೃ ಯಾರು, ಅವರನ್ನು ಜತೆಯಲ್ಲಿ ಹೆಸರಿಸದಿದ್ದರೆ ಕಾರಣವೇನು. ಉತ್ತರವನ್ನು ಗುರುಗಳೇ ತಮ್ಮ ಕೈಬರಹದಲ್ಲಿ ತುಂಬಲಿ.